ನಾಲ್ಕು ನಿಮಿಷದ ಊರು

ನಾಲ್ಕು ನಿಮಿಷ. ಹೊಸದುರ್ಗದಿಂದ ಚಿತ್ರದುರ್ಗಕ್ಕೆ ವಿಮಾನದಲ್ಲಿ ಹಿಡಿಯುವ ಸಮಯ ಇಷ್ಟೇ ಎಂದು ನನ್ನ ಮೊಬೈಲಿನಲ್ಲಿ ಯಾವುದೋ ಜಾಲತಾಣ ಹೇಳಿತು. ಎರಡೂ ಊರುಗಳಲ್ಲಿ ವಿಮಾನ ನಿಲ್ದಾಣವಿಲ್ಲ ಎಂಬುದು ಅದರ ಗಮನಕ್ಕೆ ಬಂದಿರಲಿಲ್ಲ. ಇಲ್ಲದ ವಿಮಾನದ ವೇಳೆಯನ್ನು ಇಷ್ಟು ನಿಖರವಾಗಿ ಹೇಳುವವರು, ಇರುವ ಬಸ್ಸಿನ ವೇಳೆಯನ್ನೇಕೆ ಹೇಳುವುದಿಲ್ಲವೋ ನನಗೆ ತಿಳಿಯದು.

ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಅದೂ ಭೂಗೋಳ. ದಿನವೂ ಹೊಸದುರ್ಗದಿಂದ ಹೋಗಿಬರುವುದು. ಬಸ್ಸು ಹೊಳಲ್ಕೆರೆ ದಾಟುವಷ್ಟರಲ್ಲಿ ಪಕ್ಕದ ಸೀಟಿನವರು ನನ್ನ ಊರು, ಮನೆತನ, ಇನ್ನೂ ಆಗದ ಮದುವೆ ಎಲ್ಲವನ್ನೂ ವಿಚಾರಿಸಿ ಮುಗಿಸಿರುತ್ತಾರೆ. ಸಂಜೆ ಬೇರೆ ಜನ, ಅವೇ ಪ್ರಶ್ನೆಗಳು. ಬಾಗಿಲು ಹಾಕಿಕೊಂಡು ಯಾರೊಂದಿಗೂ ಮಾತಾಡದೆ ಕೂರಲು ಚಿತ್ರದುರ್ಗದಲ್ಲಿ ನನಗೊಂದು ರೂಮು ಬೇಕು, ಕೇಳುವುದು ಇಷ್ಟೇ. ರೂಮನ್ನು ನೋಡಿಯೂ ಬಂದಿದ್ದೆ. ಆದರೆ ನಮ್ಮ ಮನೆಯಲ್ಲಿ ದೊಡ್ಡಪ್ಪ ಹೂಂ ಅನ್ನದೆ ಏನೂ ನಡೆಯುವುದಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ, ದೂರ ಎಷ್ಟೆಂದು ಅವರಿಗೆ ಅಂಕಿಯಲ್ಲೇ ತೋರಿಸಿಬಿಡೋಣವೆಂದು ಮೊಬೈಲ್ ತೆಗೆದೆ. ಓದಲು ಹಿಡಿದದ್ದನ್ನು ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ. ರಸ್ತೆಯ ದೂರ ಓದಿ ಸುಮ್ಮನಾಗಬೇಕಿದ್ದವಳು ಕೆಳಗಿನ ವಿಮಾನದ ಸಾಲನ್ನೂ ಗಟ್ಟಿಯಾಗಿ ಓದಿಬಿಟ್ಟೆ.

ದೊಡ್ಡಪ್ಪನ ಮುಖ ಅರಳಿತು. ಅವರು ಇಡೀ ಆಯುಷ್ಯ ಕುರಿ ಹೊಡೆದುಕೊಂಡು ಹೊಲ, ಹಳ್ಳಗಳನ್ನು ಅಡ್ಡ ಹಾದು ನಡೆದವರು. ರಸ್ತೆಯೆಂದರೆ ಅವರಿಗೆ ಸೋಮಾರಿಗಳ ಸುತ್ತುದಾರಿ.

"ನಾ ಏನಂದಿದ್ದೆ? ನೆಟ್ಟಗೆ ಹೋದ್ರೆ ದುರ್ಗ ಇಲ್ಲೇ ಐತೆ. ಹೊಳಲ್ಕೆರೆ ಮ್ಯಾಲೆ ಸುತ್ತಾಕಿ ರೋಡ್ ಮಾಡ್ದೋರಿಗೆ ಬುದ್ಧಿ ಇಲ್ಲ."

"ಅದು ವಿಮಾನಕ್ಕೆ ದೊಡ್ಡಪ್ಪ. ಇಲ್ಲಿ ವಿಮಾನ ಎಲ್ಲೈತೆ?"

"ಅದು ಸರ್ಕಾರದ ತಪ್ಪು ಕಣೇ, ದೂರದ ತಪ್ಪಲ್ಲ. ನಾಕು ನಿಮಿಷದ ಊರಾಗೆ ರೂಮ್ ಮಾಡ್ತಾಳಂತೆ! ನಾಳೆ ಕುರಿ ರೊಪ್ಪದಾಗೂ ಒಂದು ರೂಮ್ ಬೇಕು ಅಂತೀಯ."

ಅಡುಗೆಮನೆಯಿಂದ ದೊಡ್ಡಮ್ಮ ದನಿಗೂಡಿಸಿದರು: "ನಾಕೇ ನಿಮಿಷ ಅಂದ್ರೆ ಮಧ್ಯಾಹ್ನ ಊಟಕ್ಕೂ ಬಂದು ಹೋಗ್ಬೋದಲ್ಲೇ!"

ನಕಾಶೆ, ಅಳತೆ ಎಂದು ವರ್ಷಗಟ್ಟಲೆ ಓದಿದವಳಿಗೆ ಭೂಗೋಳದ ಪಾಠ ಅಡುಗೆಮನೆಯಿಂದಲೂ ಬಂತು. ಸಿಟ್ಟೂ ಬಂತು. ಊಟ ಬಿಟ್ಟು ಎದ್ದೆ. ಅದನ್ನೂ ಯಾರೂ ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ, "ಬರ್ರಿ ದೊಡ್ಡಪ್ಪ, ದುರ್ಗದಾಗೆ ಚಾ ಕುಡ್ಕಂಡು ಬರಾಣ" ಎಂದು ಅವರನ್ನು ನನ್ನ ಬಸ್ಸಿಗೇ ಹತ್ತಿಸಿದೆ. ಸಿಕ್ಕಿದ್ದು ಹಿಂದಿನ ಸೀಟು. ನಡೆದು ಪಳಗಿದ ಕಾಲುಗಳಿಗೆ ಮಡಚಿ ಕೂರುವುದು ಒಗ್ಗದು. ಅರ್ಧ ದಾರಿಯ ಹೊಳಲ್ಕೆರೆಯಲ್ಲಿ ಡ್ರೈವರ್ ತಿಂಡಿಗೆ ಇಳಿದ. ಪಕ್ಕದ ಹೆಂಗಸು ಅಷ್ಟರೊಳಗೆ ದೊಡ್ಡಪ್ಪನ ಕುರಿ, ನೆಂಟರು, ಮೊಣಕಾಲು ನೋವು ಎಲ್ಲ ವಿಚಾರಿಸಿ ಮುಗಿಸಿ ನನ್ನ ಮದುವೆಗೆ ಬಂದಿದ್ದಳು. ದೊಡ್ಡಪ್ಪ ಮೆಲ್ಲಗೆ ನನ್ನ ಕಡೆ ವಾಲಿದರು.

"ಆ ರೂಮ್ ಎಲ್ಲೈತೆ ಅಂದೆ? ನೋಡ್ಕಂಡೇ ಬರಾಣ. ದುರ್ಗ ಇನ್ನೂ ಎಷ್ಟೊತ್ತೇ ತಾಯಿ?"

ನಾನು ಮೊಬೈಲ್ ತೆಗೆದೆ. ಜೀವನದಲ್ಲಿ ಮೊದಲ ಬಾರಿಗೆ, 'ವಿಮಾನದಲ್ಲಿ' ಎಂಬ ಒಂದು ಪದವನ್ನು ಬೇಕೆಂದೇ ಬಿಟ್ಟು ಹೇಳಿದೆ: "ಇನ್ನೆರಡು ನಿಮಿಷ ದೊಡ್ಡಪ್ಪ."