ಕೆಂಪು ಕಣದ ಗೋಡೆಗೆ ಮೆತ್ತಿದ ಕೊಬ್ಬು

ನನ್ನ ಗ್ರಹಚಾರವೋ ಏನೋ, ರಕ್ತ ಕೊಡೋಕೆ ಅಂತ ಬಂದವರೆಲ್ಲ ನನ್ನ ರಕ್ತ ಹೀರಿಯೇ ಹೋಗ್ತಿದ್ರು. ತೊಂಬತ್ತರ ದಶಕದ ಕೊನೆ. ಇಂದಿರಾನಗರದ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಸಂಶೋಧನಾ ಸಹಾಯಕಿ. ನಿಂತಲ್ಲಿ ನಿಲ್ಲೋ ಹಾಗಿಲ್ಲ, ಕೂತಲ್ಲಿ ಕೂರೋ ಹಾಗಿಲ್ಲ. ರಕ್ತ ತೆಗೆದ ತಕ್ಷಣ ಯಂತ್ರಕ್ಕೆ ಹಾಕಿ ಗಿರಗಿರ ತಿರುಗಿಸಿ ಕೆಂಪು ಕಣ ಬೇರೆ ಮಾಡ್ಬೇಕು. ಕರೆಂಟು ಸರಿಯಾಗಿ ಆಗಲೇ ಹೋಗೋದು. ನಾನು ಕೈ ಕೈ ಹಿಸುಕಿಕೊಂಡು ಶತಪಥ ಹಾಕೋದು.

ವಿಷಯ ಇಷ್ಟೇ. ಕೆಂಪು ರಕ್ತಕಣದೊಳಗೆ ಕೊಬ್ಬು ಉರಿಸೋ ಒಲೆ ಇಲ್ಲ. ರಕ್ತದಲ್ಲಿ ತೇಲಿ ಬಂದ ಕೊಬ್ಬಿನಾಮ್ಲವನ್ನ ಅದು ಒಳಗೆ ಎಳ್ಕೊಂಡು, ಹದ ಮಾಡಿ, ತನ್ನ ಗೋಡೆಗೇ ಮೆತ್ಕೊಳ್ಳುತ್ತೆ. ಆ ಗೋಡೆ ಪರೀಕ್ಷೆ ಮಾಡಿದ್ರೆ ಈಚಿನ ತಿಂಗಳುಗಳಲ್ಲಿ ನೀವು ಎಂಥಾ ಕೊಬ್ಬು ತಿಂದಿದ್ದೀರಿ ಅಂತ ಗೊತ್ತಾಗುತ್ತೆ. "ಮನುಷ್ಯ ಸುಳ್ಳು ಹೇಳ್ತಾನಮ್ಮ, ಕೆಂಪು ಕಣ ಹೇಳಲ್ಲ" ಅನ್ನೋದು ನಮ್ಮ ಸರ್ ಅವರ ನಿತ್ಯಮಂತ್ರ. ಈ ಕೆಲಸ ಮುಗಿದ್ರೆ ನನಗೆ ಪಿಎಚ್.ಡಿ., ಕೆಟ್ಟರೆ ಮನೆ ದಾರಿ.

ಏಕಾದಶಿ

ರಕ್ತ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬೇಕು, ಆಗಷ್ಟೇ ತಿಂದ ಕೊಬ್ಬು ರಕ್ತದಲ್ಲಿ ತೇಲ್ತಿದ್ರೆ ಲೆಕ್ಕ ಕೆಡುತ್ತೆ. ಹೊಸ ತಿಪ್ಪಸಂದ್ರದ ಒಬ್ಬ ಅಜ್ಜಿಗೆ "ಉಪವಾಸ ಇದ್ದು ಬನ್ನಿ" ಅಂದೆ. "ನನಗೇ ಉಪವಾಸ ಹೇಳ್ಕೊಡ್ತೀಯೇನೇ? ಏಕಾದಶಿ ದಿನವೇ ಬರ್ತೀನಿ ನೋಡು" ಅಂದ್ರು.

ಬಂದ್ರು, ಕೊಟ್ರು. ತಿರುಗಿಸಿ ನೋಡಿದ್ರೆ ಟ್ಯೂಬಿನ ಮೇಲ್ಗಡೆ ಹಾಲಿನ ಹಾಗೆ ಬೆಳ್ಳಗೆ ನಿಂತಿದೆ.

"ಅಜ್ಜಿ, ಏನಾದ್ರೂ ತಿಂದ್ರಾ?"

"ರಾಮ ರಾಮಾ! ಉಪವಾಸದ ದಿನ ತಿಂತಾರೇನೇ? ಒಂಚೂರು ಅವಲಕ್ಕಿ ಉಪ್ಪಿಟ್ಟು, ತುಪ್ಪ ಹಾಕಿ ಸಜ್ಜಿಗೆ, ಬಾಳೆಹಣ್ಣು, ಗಟ್ಟಿ ಹಾಲು. ಅನ್ನದ ಒಂದಗುಳು ಮುಟ್ಟಿಲ್ಲ."

ಹಣೆ ಚಚ್ಚಿಕೊಂಡು, "ಹೋಗ್ಲಿ, ನಾಳೆ ಖಾಲಿ ಹೊಟ್ಟೇಲಿ ಬನ್ನಿ" ಅಂದೆ.

"ನಾಳೆ ದ್ವಾದಶಿ ಪಾರಣೆ ಕಣೇ. ಸೂರ್ಯ ಹುಟ್ಟೋ ಹೊತ್ತಿಗೆಲ್ಲ ನಮ್ಮನೇಲಿ ಊಟ ಮುಗಿದು ಎಲೆ ಎತ್ತಿರ್ತೀವಿ!"

ರೋಜಾ

ಏಕಾದಶಿ ಸಹವಾಸ ಬೇಡಪ್ಪಾ ಅಂತ ಶಿವಾಜಿನಗರದ ಅತ್ತರ್ ಅಂಗಡಿ ಚಾಚಾನ ಹಿಡಿದೆ. ರಂಜಾನ್ ತಿಂಗಳು, ರೋಜಾ ಉಪವಾಸ. ಹನಿ ನೀರೂ ಕುಡಿಯದ ಮನುಷ್ಯ, ಇದಕ್ಕಿಂತ ಖಾಲಿ ಹೊಟ್ಟೆ ಎಲ್ಲಿ ಸಿಗುತ್ತೆ? ಬೆಳಗ್ಗೆ ಎಂಟಕ್ಕೇ ಬಂದು ತೋಳು ಚಾಚಿದ್ರು. ಟ್ಯೂಬಿನಲ್ಲಿ ಅಜ್ಜಿಯದಕ್ಕಿಂತ ದಪ್ಪನೆ ಕೆನೆ!

"ಚಾಚಾ, ಇದೇನಿದು?"

"ಖುದಾ ಕಸಮ್ ಬೇಟಿ, ಸಹರಿ ಆದ್ಮೇಲೆ ಎಂಜಲೂ ನುಂಗಿಲ್ಲ."

"ನಸುಕಲ್ಲಿ ಸಹರಿಗೆ ಏನು ತಿಂದ್ರಿ?"

"ನಿಹಾರಿ, ಖೀಮಾ, ಪರಾಠ, ಮೇಲೆ ಸ್ವಲ್ಪ ಮಲಾಯಿ." ಆಮೇಲೆ ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸ್ತು. "ತೀರಾ ಖಾಲಿ ಹೊಟ್ಟೆನೇ ಬೇಕಾ? ಹಾಗಾದ್ರೆ ಈ ಉಪವಾಸದ ತಿಂಗಳು ಮುಗೀಲಿ ಬೇಟಿ, ಆಮೇಲೆ ಬರ್ತೀನಿ."

ಶುದ್ಧ ಸಸ್ಯಾಹಾರಿಗಳು

ಕೊನೆಗೆ ಉಳಿದಿದ್ದು ಸಸ್ಯಾಹಾರಿಗಳ ಗುಂಪು. "ಹುಡುಕೋದೇನಮ್ಮ? ಏಳು ತಲೆಮಾರಿಂದ ಮೊಟ್ಟೆ ಸಿಪ್ಪೆ ಕಂಡವರಲ್ಲ ನಾವು" ಅಂತ ಸರ್ ತಾವೇ ಕೂತರು. ಜೊತೆಗೆ ಮನೆಯವರನ್ನೂ ಕರ್ಕೊಂಡು ಬಂದ್ರು. ಆಕೆ ಮಹಾ ಮಡಿ. ನಮ್ಮ ಲ್ಯಾಬಿನಲ್ಲಿ ನೀರು ಕೂಡ ಮುಟ್ಟಲ್ಲ.

ಫಲಿತಾಂಶ ಬಂತು. ಎರಡೂ ಟ್ಯೂಬಿನ ಕಣಗಳ ಗೋಡೆ ತುಂಬ, ಹೃದಯಕ್ಕೆ ಒಳ್ಳೇದು ಅಂತ ಡಾಕ್ಟರುಗಳು ಹೊಗಳೋ ಮೀನಿನ ಕೊಬ್ಬು! ಸರ್ ಅವರದ್ದನ್ನ ಮಾತ್ರ ಮೊದಲು ತೋರಿಸಿದೆ.

"ಟ್ಯೂಬು ಅದಲು ಬದಲು ಮಾಡಿದೀಯ!" ಅಂತ ಸರ್ ಹಾರಾಡಿದ್ರು. "ಮತ್ತೆ ಮಾಡು. ಸೋಮವಾರದೊಳಗೆ ಸರಿ ಬರದಿದ್ರೆ ಪಿಎಚ್.ಡಿ. ಮರೆತು ಮನೆಗೆ ನಡಿ."

ಹೊಸ ರಕ್ತ ತೆಗೆದೆ. ಟ್ಯೂಬನ್ನ ಕಣ್ಣಿಂದ ಮರೆಮಾಡಲೇ ಇಲ್ಲ. ಸೋಮವಾರ ನೋಡಿದ್ರೆ ಮತ್ತೆ ಅದೇ ಮೀನು. ನನಗೂ ರೇಗಿಹೋಯ್ತು. "ಸರ್, ಕೆಂಪು ಕಣ ಸುಳ್ಳು ಹೇಳಲ್ಲ ಅಂದಿದ್ದು ನೀವೇ. ನಾಳೆ ಎಲ್ಲರೆದುರಿಗೇ ತೆಗೆಯೋಣ" ಅಂದೆ.

ಸರ್ ಮೆಲ್ಲಗೆ ಎದ್ದು ಬಾಗಿಲು ಹಾಕ್ಕೊಂಡು ಬಂದ್ರು. "ಎಲ್ಲರೆದುರಿಗೆ ಬೇಡಮ್ಮ. ಶಿವಾಜಿನಗರದಲ್ಲಿ ಒಂದು ಕಡೆ ಬಂಗಡೆ ಫ್ರೈ ಮಾಡ್ತಾರೆ... ವಾರಕ್ಕೆ ಎರಡು ಸಲ ಹೋಗ್ತೀನಿ. ನಿನ್ನ ಕೆಲಸ ಸರಿಯಾಗೇ ಇದೆ, ಥೀಸಿಸ್ ಬರಿ. ಮನೇಲಿ ಮಾತ್ರ ಗೊತ್ತಾಗ್ಬಾರ್ದು. ಅವಳು ನನ್ನನ್ನ ಅಡುಗೆಮನೆಗೇ ಸೇರಿಸಲ್ಲ." ಬದುಕಿದೆಯಾ ಬಡಜೀವವೇ ಅಂದ್ಕೊಂಡೆ.

ಮಾರನೇ ದಿನ ಸರ್ ಇಲ್ಲದ ಹೊತ್ತು ನೋಡ್ಕೊಂಡು ಆಕೆ ಬಂದ್ರು, ಕೈಯಲ್ಲಿ ಕೋಡುಬಳೆ ಡಬ್ಬಿ. ಪಕ್ಕಕ್ಕೆ ಕರ್ದು, "ನನ್ನ ರಕ್ತದಲ್ಲಿ ಏನಾದ್ರೂ ಸಿಕ್ತೇನಮ್ಮ?" ಅಂದ್ರು. ನಾನು ಬಾಯಿ ಬಿಡೋಕೆ ಮುಂಚೆ ಕಣ್ಣಲ್ಲಿ ನೀರು. "ಪಕ್ಕದ ಮನೆ ಕೇರಳದವಳು ಮೀನು ಸಾರು ಮಾಡಿದಾಗೆಲ್ಲ ಕರೀತಾಳೆ. ನಾಲಿಗೆ ಕೇಳಲ್ಲ, ಏನ್ ಮಾಡ್ಲಿ? ನಮ್ಮವರಿಗೆ ಹೇಳ್ಬೇಡ ಕಣೇ, ದಮ್ಮಯ್ಯ! ಶುದ್ಧ ಮನುಷ್ಯ ಅವರು. ಇದು ಗೊತ್ತಾದ್ರೆ ಅವರ ಎದೇನೇ ಒಡೆದ್ಹೋಗುತ್ತೆ."

ನಗು ನುಂಗಿಕೊಂಡು ಒಂದು ಕೋಡುಬಳೆ ಬಾಯಿಗೆ ಹಾಕ್ಕೊಂಡೆ.

"ಹೇಳಲ್ಲ ಮೇಡಂ. ಆದ್ರೆ ಸರ್ ಎದೆ ಬಗ್ಗೆ ನೀವು ಚಿಂತೆ ಮಾಡ್ಬೇಡಿ. ಅದು ಗಟ್ಟಿಯಾಗಿರೋಕೆ ಏನೇನು ಬೇಕೋ ಎಲ್ಲ ಅವರು ವಾರಕ್ಕೆರಡು ಸಲ ತಗೋತಿದ್ದಾರೆ."