ನೆರಿಗೆ ನೋಡಿ ಕೊಂಡ ಫಿಲ್ಟರು

ಆ ಶನಿವಾರ ಬೆಳಿಗ್ಗೆ ಸೂಜಿ, ಕತ್ತರಿ, ಇಸ್ತ್ರಿಪೆಟ್ಟಿಗೆಗಳ ಸಾಕ್ಷಿಯಾಗಿ ನಾನು ಘೋಷಿಸಿದೆ: "ಇಪ್ಪತ್ತಾರು ವರ್ಷದಿಂದ ಈ ಊರಿನ ಸೊಂಟಗಳನ್ನೆಲ್ಲ ಅಳೆದಿದ್ದೀನಿ. ಬೈಕಿನ ಬೆರಳುದ್ದದ ಒಂದು ಫಿಲ್ಟರ್ ಅಳೆದು ಹಾಕೋದು ಯಾವ ಮಹಾ ಕೆಲಸ!"

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಮೆಕ್ಯಾನಿಕ್ ಹತ್ರ ಕೊಡಬಾರದಾ?"

"ಪ್ಯಾಂಟ್ ಜಿಪ್ಪು ಕಿತ್ತರೆ ಅವನೇ ನನ್ನ ಹತ್ರ ಓಡಿ ಬರ್ತಾನೆ. ನಾನ್ಯಾಕೆ ಅವನ ಹತ್ರ ಹೋಗಲಿ?"

"ಅದಕ್ಕೇ ಹೋಗಬೇಕು," ಎಂದಳು. ಈ ಮಾತು ನನಗೆ ಅರ್ಥವಾಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ಮತ್ತು ನನ್ನ ಮೈಮೇಲೆ ಅರ್ಧ ಲೀಟರ್ ಪೆಟ್ರೋಲ್ ಇತ್ತು.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹೆಂಡತಿಗೆ ಊರಿನ ಕುಡಿಯುವ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ನೀರಿನಲ್ಲಿ ಯಾರಿಗೂ ಕಾಣದ್ದು ಅವಳಿಗೆ ಕಾಣುತ್ತದೆ. ನನ್ನಲ್ಲಂತೂ ಇಲ್ಲದ್ದೂ ಕಾಣುತ್ತದೆ! ಮನೆಗೂ ಕಾಂಪೌಂಡ್ ಗೋಡೆಗೂ ನಡುವಿನ ಸಂದಿಯಲ್ಲಿ ಹಳೆಯ ಬೆಡ್‌ಶೀಟ್ ಹೊದ್ದು ನಿಂತಿರುವುದು ನಮ್ಮ ಮಿಡತೆ. ಹಸಿರು ಬಣ್ಣ, ಉದ್ದುದ್ದ ಕಾಲು, ಕಲ್ಲುಮುಳ್ಳು ಏನು ಬಂದರೂ ನೆಗೆಯುವ ಸ್ವಭಾವ. ಈ ಆಫ್-ರೋಡ್ ಬೈಕಿಗೆ ಆ ಹೆಸರಿಟ್ಟವಳು ಹೆಂಡತಿಯೇ.

ಒಂದು ಕಾಲದಲ್ಲಿ ಭಾನುವಾರ ಬಂತೆಂದರೆ ಬೆಟ್ಟದ ಹಿಂದಿನ ಕೆರೆಗೆ ನಮ್ಮ ಸವಾರಿ. ರಸ್ತೆ ಎಂಬುದು ಅರ್ಧ ದಾರಿಗೇ ಮುಗಿಯುತ್ತಿತ್ತು, ಆಮೇಲೆ ಬರೀ ಕಲ್ಲು. ಅವಳು ಹಿಂದೆ ಕೂತು ಎಡಗೈಯನ್ನು ನನ್ನ ಭುಜದ ಮೇಲಿಡುತ್ತಿದ್ದಳು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ತಿರುವು ಬಂದಾಗ ಮಾತ್ರ ಭುಜವನ್ನೊಮ್ಮೆ ಒತ್ತುತ್ತಿದ್ದಳು. ಆ ಒತ್ತುವಿಕೆಯಲ್ಲಿ ಎಷ್ಟು ಪ್ರೀತಿ ಇರುತ್ತಿತ್ತು ಎಂಬುದನ್ನು ಯಾವ ಟೇಪಿನಿಂದಲೂ ಅಳೆಯಲಾಗದು!

ಹಾಗೆ ಹೋಗಿ ಐದು ವರ್ಷವಾಯಿತು. ಜಗಳವೇನೂ ಆಗಿರಲಿಲ್ಲ. ಒಂದು ಭಾನುವಾರ ನನಗೆ ಹೊಲಿಗೆಯ ಗಡಿಬಿಡಿ, ಇನ್ನೊಂದು ಭಾನುವಾರ ಅವಳಿಗೆ ನೆಗಡಿ, ಮತ್ತೊಂದು ಭಾನುವಾರ ಇಬ್ಬರಿಗೂ ಸೋಮಾರಿತನ. ಜಗಳವಾಗಿ ನಿಂತಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತು. ಸುಮ್ಮನೆ ನಿಂತುಹೋದದ್ದನ್ನು ಮತ್ತೆ ಹೇಗೆ ಶುರುಮಾಡುವುದು? ಈಗ ನಾವು ಮಾತಾಡುವುದು ಗುಂಡಿ, ದಾರ, ಗ್ಯಾಸ್ ಸಿಲಿಂಡರ್ ಇವುಗಳ ಬಗ್ಗೆ. ಎಷ್ಟೋ ಸಲ ಮೆಷಿನ್ ತುಳಿಯುತ್ತಾ ನನ್ನ ಎಡಭುಜವನ್ನು ನಾನೇ ಮುಟ್ಟಿ ನೋಡಿಕೊಂಡಿದ್ದೇನೆ. ಗಿರಾಕಿಗಳು ನನಗೆ ಭುಜ ನೋವೆಂದು ಮುಲಾಮು ಬೇರೆ ತಂದುಕೊಟ್ಟಿದ್ದಾರೆ.

ಹೀಗಿರುವಾಗ ಹಿಂದಿನ ಬೀದಿಯ ದನದ ಡಾಕ್ಟರು ಮಿಡತೆಯನ್ನು ಕೇಳಿಕೊಂಡು ಬಂದರು. ಹೆಂಡತಿ ನನ್ನ ಮುಖ ನೋಡಿದಳು. ನಾನು ಕಾಜಾ ಹೊಲಿಯುತ್ತಾ ಕೂತೆ. "ಭಾನುವಾರ ಹತ್ತು ಗಂಟೆಗೆ ಬನ್ನಿ ಡಾಕ್ಟ್ರೇ. ಅಷ್ಟರೊಳಗೆ ಇವರು ಸ್ಟಾರ್ಟ್ ಮಾಡಿದ್ರೆ ಇಟ್ಕೋತಾರೆ, ಇಲ್ಲಾಂದ್ರೆ ನೀವು ತಗೊಂಡು ಹೋಗಿ," ಎಂದುಬಿಟ್ಟಳು.

ಹೊಸ ಪೆಟ್ರೋಲ್ ಹಾಕಿದೆ, ಹೊಸ ಬ್ಯಾಟರಿ ಹಾಕಿದೆ. ಮಿಡತೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮೆಕ್ಯಾನಿಕ್ ಫೋನಿನಲ್ಲೇ ರೋಗ ಹೇಳಿದ: "ಫಿಲ್ಟರ್ ಕಟ್ಕೊಂಡಿದೆ ಮಾಸ್ಟ್ರೇ. ಇಂಜೆಕ್ಷನ್ ಗಾಡಿ, ನೀವು ಕೈ ಹಾಕಬೇಡಿ." ಕೈ ಹಾಕಬೇಡಿ ಎಂದಮೇಲೆ ಹಾಕದೆ ಇರಲು ನಾನೇನು ಸಾಮಾನ್ಯ ಮನುಷ್ಯನೇ? ಟ್ಯಾಂಕಿನ ಕೆಳಗಿಂದ ಹಳೆಯ ಫಿಲ್ಟರನ್ನು ಬಿಚ್ಚಿ ತೆಗೆದೆ. ತಗಡಿನ ಒಂದು ಪುಟ್ಟ ಡಬ್ಬಿ. ಉದ್ದ, ಸುತ್ತಳತೆ, ಎರಡೂ ಬಾಯಿಯ ಅಗಲ ಎಲ್ಲವನ್ನೂ ಅಳೆದು ಆರ್ಡರ್ ಪುಸ್ತಕದಲ್ಲಿ ಬರೆದುಕೊಂಡು ಬಿಡಿಭಾಗದ ಅಂಗಡಿಗೆ ಹೊರಟೆ.

ಅಂಗಡಿಯವನು ಕೇಳಿದ: "ಕಾರ್ಬುರೇಟರ್ ಗಾಡಿಗಾ, ಇಂಜೆಕ್ಷನ್ ಗಾಡಿಗಾ?"

"ಅದೆಲ್ಲ ಬೇಡ. ಅಳತೆ ಹೇಳ್ತೀನಿ, ಬರ್ಕೊಳ್ಳಿ."

"ಅಣ್ಣಾ, ಇದು ಪ್ಯಾಂಟಲ್ಲ!"

"ಪ್ಯಾಂಟ್ ಹೊಲಿಯೋನಿಗೆ ಇದೇನು ದೊಡ್ಡದಲ್ಲ. ಇರೋದನ್ನೆಲ್ಲ ತೋರಿಸಿ."

ಅವನು ನಿಟ್ಟುಸಿರು ಬಿಟ್ಟು ಹತ್ತು ಹನ್ನೆರಡು ಫಿಲ್ಟರ್‌ಗಳನ್ನು ಮೇಜಿನ ಮೇಲೆ ಸುರಿದ. ಅವುಗಳಲ್ಲಿ ಒಂದು ತಗಡಿನದು, ಮುಖಕ್ಕೆ ಕಳೆಯಿಲ್ಲದ್ದು. ಅದರ ಪಕ್ಕದಲ್ಲಿತ್ತು ನೋಡಿ, ಗಾಜಿನಂಥ ಪ್ಲಾಸ್ಟಿಕ್ಕಿನ ಸುಂದರಿ! ಒಳಗೆ ತಿಳಿಗುಲಾಬಿ ಕಾಗದದ ನೆರಿಗೆ. ಏನು ನೆರಿಗೆ ಅಂತೀರಿ! ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಿಂದಲೂ ಅಂಥ ನೆರಿಗೆ ಬಿದ್ದಿಲ್ಲ. ಟೇಪ್ ಹಿಡಿದೆ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಅಣ್ಣಾ, ನಿಮ್ಮದು ಯಾವ ಗಾಡಿ ಅಂತ..."

"ಇದೇ ಇರಲಿ," ಎಂದು ಜೇಬಿಗಿಳಿಸಿ ಎದೆಯುಬ್ಬಿಸಿಕೊಂಡು ಬಂದೆ.

ಜೋಡಿಸುವಾಗ ಹಳೆಯ ಕ್ಲಿಪ್ಪುಗಳು ತುಕ್ಕು ಹಿಡಿದು ಮುರಿದವು. ದರ್ಜಿಗೆ ಕ್ಲಿಪ್ ಯಾಕೆ? ಕೋಟಿನ ಗುಂಡಿ ಹಾಕುವ ದಾರಕ್ಕೆ ಮೇಣ ತಿಕ್ಕಿ, ಎರಡೂ ಕಡೆ ಹನ್ನೆರಡು ಸುತ್ತು ಬಿಗಿದು ಗಂಟು ಹಾಕಿದೆ. ಆಮೇಲೆ ಹೆಂಡತಿಯನ್ನು ಕರೆದೆ. ಈ ಚಾರಿತ್ರಿಕ ಕ್ಷಣಕ್ಕೆ ಸಾಕ್ಷಿ ಬೇಡವೇ?

ಅವಳು ಬಾಗಿ ನೋಡಿದಳು. "ರೀ, ಇದು ಪ್ಲಾಸ್ಟಿಕ್ಕು. ಹಳೇದು ತಗಡಿಂದಲ್ವಾ?"

"ಅಳತೆ ಒಂದೇ ಕಣೇ!" ಎಂದು ಕೀ ತಿರುಗಿಸಿದೆ.

ಟ್ಯಾಂಕಿನೊಳಗೆ ಪಂಪು "ಗುಂಯ್" ಎಂದಿತು. ನೆರಿಗೆಯ ಸುಂದರಿ ಒಮ್ಮೆ ಉಬ್ಬಿದಳು, ಮರುಕ್ಷಣ "ಫಟ್!" ಎಂದು ಇಬ್ಭಾಗವಾದಳು. ಪೆಟ್ರೋಲ್ ಕಾರಂಜಿಯಾಗಿ ಚಿಮ್ಮಿ ಮೊದಲು ನನ್ನ ಮೀಸೆಗೆ, ಆಮೇಲೆ ಅಂಗಿಗೆ, ಕೊನೆಗೆ ಹಗ್ಗದ ಮೇಲೆ ಗಾಳಿಗೆ ಹಾಕಿದ್ದ ವಕೀಲರ ಹೊಸ ಕರಿಕೋಟಿಗೆ ಬಿತ್ತು. ಹೆದರಿಕೆಗೆ ನಾನು ಎರಡು ಬೆರಳಿನಿಂದ ಪೈಪಿನ ಬಾಯಿ ಮುಚ್ಚಿದೆ. ಅದು ಬೆರಳ ಸಂದಿಯಿಂದ ಇನ್ನೂ ದೂರ ಹಾರಿತು!

"ಕೀ ಆಫ್ ಮಾಡ್ರೀ! ಕೀ!" ಎಂದು ಕೂಗಿ ಅವಳು ಗ್ಯಾಸ್ ಆರಿಸಲು ಒಳಗೆ ಓಡಿದಳು. ನಾನು ಕೀ ಹುಡುಕುವಷ್ಟರಲ್ಲಿ ಕೋಟಿನ ಎರಡು ತೋಳೂ ತೊಯ್ದಿದ್ದವು. ಇಲ್ಲಿ ಒಂದು ಸತ್ಯವನ್ನು ದಾಖಲಿಸಲೇಬೇಕು: ನನ್ನ ಗಂಟು ಮಾತ್ರ ಬಿಚ್ಚಿರಲಿಲ್ಲ.

ಕೋಟನ್ನು ಮೂರು ಸಲ ಒಗೆದೆವು. ಆದರೂ ಸೋಮವಾರ ಕೋರ್ಟಿನಲ್ಲಿ ವಕೀಲರ ಪಕ್ಕ ಯಾರೂ ಕೂರಲಿಲ್ಲವಂತೆ. ಅಂದು ನಾನು ಸ್ನಾನ ಮಾಡಿ ಬರುವಾಗ ಹೆಂಡತಿ ಒಡೆದ ಫಿಲ್ಟರನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು.

"ಇದು ಕಾರ್ಬುರೇಟರ್ ಗಾಡೀದು. ಅದರಲ್ಲಿ ಪೆಟ್ರೋಲ್ ತಾನಾಗೇ ಇಳಿಯುತ್ತೆ. ನಮ್ಮದರಲ್ಲಿ ಪಂಪು ಒತ್ತಿ ತಳ್ಳುತ್ತೆ. ಫಿಲ್ಟರ್ ಅಂದ್ರೆ ಹೊರಗಿನ ಉದ್ದ ಅಗಲ ಅಲ್ಲರೀ. ಒಳಗಿನ ತೂತು ಎಷ್ಟು ಸಣ್ಣದು, ಎಷ್ಟು ಒತ್ತಡ ತಡ್ಕೊಳ್ಳುತ್ತೆ, ಅದು. ನಾನು ದಿನಾ ಸೋಸೋದೇ ಕೆಲಸ ಮಾಡೋಳು. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ನಾನು ಒದ್ದೆ ಮೀಸೆ ಒರೆಸಿಕೊಂಡೆ.

"ಇಷ್ಟೆಲ್ಲ ಯಾಕೆ? ಡಾಕ್ಟ್ರಿಗೆ ಕೊಟ್ಟುಬಿಟ್ಟಿದ್ರೆ ಆಗ್ತಿತ್ತಲ್ಲ."

ಪೆಟ್ರೋಲ್ ವಾಸನೆಯಲ್ಲಿ ಮನುಷ್ಯನಿಗೆ ಸುಳ್ಳು ಹೊಳೆಯುವುದಿಲ್ಲ. "ಇನ್ನೊಂದೇ ಒಂದು ಸಲ ಕೆರೆಗೆ ಹೋಗಬೇಕಿತ್ತು ಕಣೇ. ನೀನು ಹಿಂದೆ ಕೂತು ಭುಜ ಹಿಡ್ಕೋತಿದ್ದೆಯಲ್ಲ, ಅದು ಬೇಕಿತ್ತು," ಎಂದೆ.

ಅವಳು ಒಡೆದ ಫಿಲ್ಟರನ್ನು ಮೇಜಿನ ಮೇಲಿಟ್ಟಳು. "ನಿಮಗೇ ಅದೆಲ್ಲ ಬೇಡವಾಗಿದೆ ಅಂದ್ಕೊಂಡಿದ್ದೆ," ಎಂದಳು.

ಮರುದಿನ ಭಾನುವಾರ ಬಿಡಿಭಾಗದ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೇ ಅವಳು ಹಳೆಯ ತಗಡಿನ ಡಬ್ಬಿ ಹಿಡಿದು ಅಲ್ಲಿದ್ದಳು. ಗಾಡಿ ಯಾವುದೆಂದು ಮೊದಲೇ ಹೇಳಿದಳಂತೆ. ಒತ್ತಡ ಎಷ್ಟು ತಡೆಯುತ್ತದೆ, ಎಷ್ಟು ಸಣ್ಣ ಕಸ ಹಿಡಿಯುತ್ತದೆ, ಬಾಣದ ಗುರುತು ಯಾವ ಕಡೆ ಬರಬೇಕು ಎಂದು ಮೂರೇ ಪ್ರಶ್ನೆ. ತಂದದ್ದು ಅದೇ ಕಳೆಯಿಲ್ಲದ ತಗಡಿನ ಮುಖದವನನ್ನು! ಜೊತೆಗೆ ಹೊಸ ಪೈಪು, ಎರಡು ಕ್ಲಿಪ್ಪು. ಹತ್ತಕ್ಕೆ ಹತ್ತು ನಿಮಿಷವಿರುವಾಗ ಮಿಡತೆ ಕೆಮ್ಮಿತು, ತಡವರಿಸಿತು, ಆಮೇಲೆ ಗುಡುಗುಡು ಎಂದು ಗರ್ಜಿಸಿತು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಗೆ ಎಂದು ಹೇಳಿದೆ.

"ಕ್ಷಮಿಸಿ ಡಾಕ್ಟ್ರೇ, ಕೊಡಲ್ಲ," ಎಂದು ಗೇಟಿನಲ್ಲೇ ಡಾಕ್ಟರನ್ನು ಕಳಿಸಿ ಅವಳು ಒಳಗೆ ಹೋದಳು. ಹಿಂದೆ ಸವಾರಿಗೆಂದು ನಾನೇ ಹೊಲಿದುಕೊಟ್ಟಿದ್ದ ದಪ್ಪ ಕ್ಯಾನ್ವಾಸಿನ ಜಾಕೆಟ್ ತೊಟ್ಟು ಬಂದಳು. ನಾನು ಚಕ್ರವರ್ತಿಯಂತೆ ಸೀಟೇರಿ ಕೂತಿದ್ದೆ.

"ಹಿಂದೆ ಸರೀರಿ."

"ಯಾಕೆ?"

"ಫಿಲ್ಟರ್ ಹಾಕಿದವರು ಓಡಿಸ್ತಾರೆ."

"ನಿನಗೆಲ್ಲಿ ಬರುತ್ತೆ?"

"ಕೆರೆ ನೀರಿನ ಸ್ಯಾಂಪಲ್ ತರೋಕೆ ನಾಲ್ಕು ವರ್ಷದಿಂದ ಯಾವುದರ ಮೇಲೆ ಹೋಗ್ತಿದ್ದೀನಿ ಅಂದ್ಕೊಂಡಿದ್ದೀರಿ? ಲ್ಯಾಬಿಂದೂ ಇಂಥದೇ ಗಾಡಿ."

ನಾನು ಬೆಪ್ಪಾದೆ. "ನಮ್ಮ ಕೆರೆಗಾ? ನನಗೆ ಹೇಳಲೇ ಇಲ್ಲ!"

"ನೀವು ಕೇಳಲೇ ಇಲ್ಲ. ತಿಂಗಳಿಗೆ ಎರಡು ಸಲ. ನೀರು ತುಂಬ್ಕೊಂಡು, ನಾವು ಕೂರ್ತಿದ್ದ ಬಂಡೆ ಮೇಲೆ ಐದು ನಿಮಿಷ ಒಬ್ಬಳೇ ಕೂತು ಬರ್ತೀನಿ."

ನಾನು ಹಿಂದೆ ಸರಿದೆ.

ಊರು ದಾಟಿ ಕಲ್ಲುದಾರಿ ಶುರುವಾಯಿತು. ಸಾವಿರಾರು ಭುಜಗಳ ಅಳತೆ ತೆಗೆದ ನನ್ನ ಕೈ ಅವಳ ಭುಜದ ಮೇಲೆ ಹೊಸದಾಗಿ ಕೂತಿತ್ತು. ಮೊದಲ ತಿರುವು ಬಂತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಮಿಡತೆ ಆ ಕಡೆಗೇ ವಾಲಿತು. ನನ್ನ ಜೀವ ಬಾಯಿಗೆ ಬಂತು. ನನಗೇ ಗೊತ್ತಿಲ್ಲದಂತೆ ಅವಳ ಭುಜವನ್ನು ಗಟ್ಟಿಯಾಗಿ ಒತ್ತಿದೆ.

ಅವಳು ಜೋರಾಗಿ ನಕ್ಕಳು. "ಈಗ ಗೊತ್ತಾಯ್ತಾ? ನಾನೂ ಆಗ ಹೆದರಿಕೆಗೇ ಒತ್ತುತ್ತಿದ್ದದ್ದು!"

ನಾನು ಕೈ ತೆಗೆಯಲಿಲ್ಲ. ಕೆರೆಗೆ ಇನ್ನೂ ಒಂಬತ್ತು ತಿರುವುಗಳಿದ್ದವು.