ಯಾರಿಗೂ ಗೊತ್ತಾಗದ ಹೊಸ ಕ್ಯಾಮೆರಾ

ಇನ್ನು ಮುಂದೆ ‘ಹೊಸ ಕ್ಯಾಮೆರಾ’ ಎಂಬ ಮಾತನ್ನು ಕನಸಿನಲ್ಲೂ ಆಡುವುದಿಲ್ಲ ಎಂದು ನಾನು ಭೀಷಣ ಪ್ರತಿಜ್ಞೆ ಮಾಡಿದ್ದು ಅಡುಗೆಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದು. ಸೌಟಿನಲ್ಲಿದ್ದದ್ದೆಲ್ಲ ಮೊಣಕೈವರೆಗೆ ಹರಿದು ಬರುತ್ತಿದ್ದರೂ ಕೈ ಇಳಿಸಲಿಲ್ಲ. ಪ್ರತಿಜ್ಞೆಯೆಂದರೆ ಹಾಗಿರಬೇಕು!

"ಇರೋದು ಕೆಟ್ಟು ಮೂಲೆ ಸೇರೋ ತನಕ ಹೊಸದು ಯಾವುದೂ ಈ ಮನೆ ಹೊಸಿಲು ದಾಟೋ ಹಾಗಿಲ್ಲ! ನನಗೂ ಅಷ್ಟೇ, ನಿಮಗೂ ಅಷ್ಟೇ!" ಎಂದು ಘೋಷಿಸಿದೆ.

ನಮ್ಮವರು ಪಾದಕ್ಕೆ ಮುಲಾಮು ತಿಕ್ಕಿಕೊಳ್ಳುತ್ತಾ ಕೂತಿದ್ದರು. ಸ್ವಲ್ಪ ಹೊತ್ತಿಗೆ ಮುಂಚೆ ಅವರು ಕಪಾಟಿನ ಬಾಗಿಲು ತೆಗೆದಾಗ ನನ್ನ ಲೆನ್ಸುಗಳು, ಬ್ಯಾಗುಗಳು, ಮೂರು ಕಾಲಿನ ಸ್ಟ್ಯಾಂಡು ಎಲ್ಲವೂ ಒಟ್ಟಿಗೆ ಅವರ ಕಾಲಿಗೆ ಬಿದ್ದು ನಮಸ್ಕಾರ ಮಾಡಿದ್ದವು. ಪ್ರತಿಜ್ಞೆ ಹುಟ್ಟಿದ್ದೇ ಆ ಬಾವಿನಿಂದ.

"ನನ್ನ ಸೈಕಲ್ಲೂ ಸೇರಿತಾ ಇದರಲ್ಲಿ?" ಎಂದು ಅವರು ಮೆಲ್ಲಗೆ ಕೇಳಿದರು.

"ಸೇರಿತು!"

"ಅದು ಕಿರುಗುಟ್ಟುತ್ತೆ ಕಣೇ."

"ಕಿರುಗುಟ್ಟಲಿ. ಓಡುತ್ತೆ ತಾನೇ? ಮುಗೀತು!"

ನಮ್ಮವರು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಅವರ ಸೈಕಲ್ಲಿನ ಸದ್ದು ಬೀದಿಯ ತಿರುವಿನಲ್ಲೇ ಕೇಳಿಸುತ್ತದೆ. ಆ ಸದ್ದು ಕೇಳಿ ಅಕ್ಕಪಕ್ಕದ ಮನೆಯ ಮಕ್ಕಳು ಆಟ ನಿಲ್ಲಿಸಿ, ಪುಸ್ತಕ ತೆರೆದು, ಸಂಭಾವಿತರಾಗಿ ಕೂತು, ಇನ್ನೂ ಒಂದೆರಡು ಪಾಠ ಓದಿ ಮುಗಿಸುವಷ್ಟರಲ್ಲಿ ಸೈಕಲ್ ನಮ್ಮ ಗೇಟು ತಲುಪುತ್ತದೆ. ಪಾಪ, ಆದರೂ ಅವರು "ಆಯ್ತು ಡಾಕ್ಟ್ರಮ್ಮ" ಎಂದು ಒಪ್ಪಿಕೊಂಡುಬಿಟ್ಟರು.

ಹೌದು, ನಾನು ಹಲ್ಲಿನ ಡಾಕ್ಟರ್. ದಿನವಿಡೀ ಜನರ ಬಾಯೊಳಗೆ ಇಣುಕುವವಳಿಗೆ ಸಂಜೆಯಾದರೆ ಮುಖದ ಹೊರಭಾಗವನ್ನೂ ನೋಡಬೇಕೆನ್ನಿಸುತ್ತದೆ. ಅದಕ್ಕೇ ಕ್ಯಾಮೆರಾ. ಅದೂ ಅಂತಿಂಥದ್ದಲ್ಲ, ರೇಂಜ್‌ಫೈಂಡರ್ ಎಂಬ ಜಾತಿಯದು. ಅದರ ಪುಟ್ಟ ಕಿಟಕಿಯಲ್ಲಿ ಇಣುಕಿದರೆ ಎದುರಿನವರ ಮುಖ ನಡುವೆ ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತಾ ಎರಡನ್ನೂ ಒಂದರ ಮೇಲೊಂದು ಕೂರಿಸಿ, ಆಮೇಲೆ ಗುಂಡಿ ಒತ್ತಬೇಕು. ಅಷ್ಟರಲ್ಲಿ ಎದುರಿನವರು ನಕ್ಕು, ಆಕಳಿಸಿ, ಎದ್ದು ಹೋಗಿರುತ್ತಾರೆ. ಖಾಲಿ ಕುರ್ಚಿಯ ಫೋಟೋಗಳನ್ನು ನನ್ನಷ್ಟು ಚೆನ್ನಾಗಿ ತೆಗೆಯುವವರು ಇನ್ನೊಬ್ಬರಿಲ್ಲ! ಕ್ಯಾಮೆರಾ ಡಿಜಿಟಲ್ಲೇ. ಆದರೆ ಹಿಂದಿನ ಪರದೆ ನೋಡಿ ನೋಡಿ ಫೋಟೋ ತೆಗೆಯುವುದು ಹೇಡಿಗಳ ಕೆಲಸವೆಂದು ಅದರ ಮೇಲೆ ಕಪ್ಪು ಟೇಪು ಅಂಟಿಸಿಬಿಟ್ಟಿದ್ದೇನೆ. ಕಲಾವಿದೆಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಇರಬೇಕು.

ಪ್ರತಿಜ್ಞೆಯ ಬಿಸಿ ಆರುವ ಮೊದಲೇ ಅದೇ ಕ್ಯಾಮೆರಾದ ಹೊಸ ಮಾಡೆಲ್ ಬಂತು!

ಅಂದಿನಿಂದ ನನ್ನ ಹಳೆಯ ಕ್ಯಾಮೆರಾದಲ್ಲಿ ಒಂದೊಂದೇ ರೋಗ ಕಾಣಿಸತೊಡಗಿತು. ಬಣ್ಣ ಸಪ್ಪೆ, ಗುಂಡಿ ಗಡಸು, ಕಿಟಕಿ ಮಬ್ಬು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಆದರೂ ನಾನು ಆತುರದವಳಲ್ಲ. ತಗೊಳ್ಳಬೇಕೋ ಬೇಡವೋ ಎಂದು ನಾಲ್ಕು ಜನರ ಅಭಿಪ್ರಾಯ ಕೇಳಿಯೇ ತೀರ್ಮಾನಿಸಬೇಕೆಂದು ನಿರ್ಧರಿಸಿದೆ. ನಾಲ್ಕು ಜನ ಬೇರೆಲ್ಲಿಂದ ಬರಬೇಕು? ನನ್ನ ಕುರ್ಚಿಯಲ್ಲಿ ಬಾಯಿ ತೆರೆದು, ದವಡೆಗೆ ಹತ್ತಿ ತುರುಕಿಸಿಕೊಂಡು ಮಲಗಿದವರೇ ಬಂದರು.

"ಹೊಸ ಕ್ಯಾಮೆರಾ ತಗೊಳ್ಳಲಾ? ಏನಂತೀರಿ?"

"ಆಂ... ಆಂಆಂ..."

"ಹಾಗಾದ್ರೆ ತಗೋ ಅಂತೀರಿ!"

"ಊಂಹೂಂ... ಊಂ!"

"ತಕ್ಷಣ ತಗೋ ಅಂತೀರಿ! ಆಯ್ತು, ಬಾಯಿ ಮುಕ್ಕಳಿಸಿ."

ಹೀಗೆ ಒಂದು ವಾರದಲ್ಲಿ ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ಒಬ್ಬರೇ ಒಬ್ಬರೂ ಎದುರಾಡಲಿಲ್ಲ.

ಉಳಿದದ್ದು ಒಂದೇ ಭಯ, ನಮ್ಮವರದು. ಅವರು ಬೈಯುವವರಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ತಿರುಗಿ ಬೈಯಬಹುದಿತ್ತು! ಮಾತು ಅಂದರೆ ಮಾತು ಎಂದು ದಿನಾ ಆ ಕಿರುಗುಟ್ಟುವ ಸೈಕಲ್ ತುಳಿದುಕೊಂಡು ಹೋಗುವ ಮನುಷ್ಯ. ಅವರ ಕಣ್ಣಲ್ಲಿ ನಾನು ಮಾತಿಗೆ ತಪ್ಪಿದವಳಾಗಿಬಿಟ್ಟರೆ?

ಆ ಭಯವನ್ನು ಅಂಗಡಿಯವರೇ ಪರಿಹರಿಸಿದರು. "ಹೊರಗಿನಿಂದ ಎಳ್ಳಷ್ಟೂ ವ್ಯತ್ಯಾಸ ಇಲ್ಲ ಮೇಡಂ. ಅದೇ ಮೈ, ಅದೇ ಬಣ್ಣ. ಬದಲಾಗಿರೋದೆಲ್ಲ ಒಳಗೆ!"

ಅಂದರೆ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ! ಕ್ಯಾಮೆರಾ ಮಾಡಿದವರು ಸಂಸಾರಸ್ಥರೇ ಇರಬೇಕು ಎಂದುಕೊಂಡು ಕೊಂಡುಬಿಟ್ಟೆ. ಅಂಗಡಿಯಲ್ಲೇ ಅದರ ಬೆನ್ನಿಗೂ ಕಪ್ಪು ಟೇಪು ಅಂಟಿಸಿದೆ. ಶನಿವಾರ ಬಾಲ್ಕನಿಯ ಗಿಡಗಳನ್ನೆಲ್ಲ ಹೊಸದರಲ್ಲಿ ಸೆರೆಹಿಡಿದೆ. ಭಾನುವಾರ ಬೆಳಿಗ್ಗೆ ಎಂದಿನಂತೆ ಕಾರ್ಡನ್ನು ನಮ್ಮವರ ಕೈಗೆ ಕೊಟ್ಟೆ. ವಾರದ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿ, ಖಂಡ ಖಂಡವಾಗಿ ವಿಂಗಡಿಸಿ ಇಡುವುದು ಅವರ ಖಾತೆ. ಅವರು ಇಳಿಸಿದರು, ನೋಡಿದರು, ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ನೋಡಿದರು. "ಚೆನ್ನಾಗಿ ಬಂದಿದೆ" ಎಂದು ಎದ್ದು ಹೋದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದು ಮೀಸೆ ಒರೆಸಿಕೊಂಡಿತು!

ಆದರೆ ಒಂದೇ ಮನೆಯಲ್ಲಿ ಎರಡು ಒಂದೇ ಥರದ ಕ್ಯಾಮೆರಾಗಳನ್ನು ಸಾಕುವುದೆಂದರೆ ಸಾಮಾನ್ಯವೇ?

"ನಿನ್ನ ಕ್ಯಾಮೆರಾ ಹಾಲ್‌ನಲ್ಲಿ ಇತ್ತಲ್ವಾ? ಈಗ ನೋಡಿದ್ರೆ ರೂಮಲ್ಲಿದೆ?"

"ನಾನೇ ತಂದಿಟ್ಟೆ!"

"ಈಗಷ್ಟೇ ಹಾಲ್‌ನಲ್ಲಿ ನೋಡ್ಕೊಂಡು ಬಂದೆ ಕಣೇ."

"ಅದಕ್ಕೇ... ಓಡ್ಕೊಂಡು ಬಂದು ಇಟ್ಟೆ!"

ಅಂದಿನಿಂದ ಒಂದು ಕ್ಯಾಮೆರಾ ಅಕ್ಕಿ ಡಬ್ಬದಲ್ಲಿ ವಾಸ ಮಾಡಿತು. ಅಲ್ಲಿಂದ ಬಟ್ಟೆ ಒಗೆಯುವ ಮೆಷಿನ್ನಿಗೆ ಬಿಡಾರ ಬದಲಾಯಿಸಿತು. ಒಂದು ದಿನ ನಮ್ಮವರು ಮೆಷಿನ್ನಿನ ಗುಂಡಿಯ ಮೇಲೆ ಬೆರಳಿಟ್ಟಾಗ ನಾನು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು! "ನೀವು ಬಟ್ಟೆ ಒಗೆಯೋದಾ? ನಾನು ಬದುಕಿರೋವಾಗ?" ಎಂದು ಕಣ್ಣೀರು ಹಾಕಿ ಅವರನ್ನು ಆಚೆ ಕಳಿಸಿದೆ. ನಮ್ಮ ಮನೆಯಲ್ಲಿ ಯಾವಾಗಲೂ ಬಟ್ಟೆ ಒಗೆಯುವವರು ಅವರೇ ಎಂಬುದು ಆಮೇಲೆ ನೆನಪಾಯಿತು.

ಇನ್ನು ಹಳೆಯದನ್ನು ಸಾಗಹಾಕದೆ ಗತಿಯಿಲ್ಲ. ನನ್ನ ತಮ್ಮ ಲಿಫ್ಟ್ ರಿಪೇರಿ ಕೆಲಸದವನು, ಫೋಟೋ ಅಂದರೆ ಅವನಿಗೂ ಪ್ರಾಣ. ಅವನಿಗೆ ದಾನ ಮಾಡಿ ಬಾಯಿಗೆ ಬೀಗ ಹಾಕಿಸುವುದೆಂದು ಗೊತ್ತುಮಾಡಿದೆ. ಆ ವಾರವೇ ಒಂದು ಮಧ್ಯಾಹ್ನ ಮಂಚದ ಮೇಲೆ ಎರಡನ್ನೂ ಹರಡಿಕೊಂಡು ಕೂತೆ. ಬ್ಯಾಟರಿಗಳು ಚಾರ್ಜಿಗೆ ಹೋಗಿದ್ದವು. ಲೆನ್ಸು ಬಿಚ್ಚಿದ್ದಾಯಿತು. ಹಳೆಯದರ ಸವೆದ ಹೆಗಲ ಪಟ್ಟಿಯನ್ನು ಬಿಚ್ಚಿ ಹೊಸದಕ್ಕೆ ಹಾಕಿಬಿಟ್ಟರೆ ವೇಷ ಪೂರ್ತಿ. ಪಟ್ಟಿ ಬಿಚ್ಚಿದೆ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಕಿರ್‌ರ್‌ರ್... ಕಿರ್‌ರ್‌ರ್!

ಎರಡನ್ನೂ ದಿಂಬಿನ ಕೆಳಗೆ ತಳ್ಳಿದೆ. ನಮ್ಮವರು ಬಂದವರೇ "ಅಬ್ಬಾ, ಏನು ಸುಸ್ತು" ಎಂದು ಅದೇ ದಿಂಬಿಗೆ ತಲೆ ಕೊಟ್ಟರು.

"ಯಾಕೇ, ದಿಂಬು ಕಲ್ಲಾಗಿದೆ?"

"ಹತ್ತಿ... ಹತ್ತಿ ಗಟ್ಟಿಯಾಗಿದೆ. ಏಳಿ, ಮುಖ ತೊಳ್ಕೊಂಡು ಬನ್ನಿ, ಟೀ ಕೊಡ್ತೀನಿ!"

ಅವರು ಬಚ್ಚಲಿಗೆ ಹೋದದ್ದೇ ತಡ, ದಿಂಬು ಎತ್ತಿದೆ. ಎರಡು ಬೋಳು ಕ್ಯಾಮೆರಾಗಳು, ಒಂದೇ ಮೈ, ಒಂದೇ ಟೇಪು. ಯಾವುದು ಯಾವುದೋ! ಆದರೆ ಗಾಬರಿಯಾಗಲು ನಾನೇನು ಸಾಮಾನ್ಯಳೇ? ಕತ್ತಲಲ್ಲಿ ಬೆರಳಿಟ್ಟು ಇದು ಯಾವ ಹಲ್ಲೆಂದು ಹೇಳುವವಳು! ಒಂದನ್ನು ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಹಿಡಿದು ಕಣ್ಣು ಮುಚ್ಚಿ ತೂಗಿದೆ. ಎಡಗೈಯದು ಹೂವಿನ ಹಾಗೆ ಹಗುರ, ನಯ, ನವವಧು! ಬಲಗೈಯದು ಮುದುಕಿ. ನವವಧುವಿಗೆ ಪಟ್ಟಿ ಕಟ್ಟಿದೆ. ಮುದುಕಿಯನ್ನು ಅದೇ ಸಂಜೆ, ಒಂದು ಹಳೆ ಲೆನ್ಸಿನ ಸಮೇತ, ತಮ್ಮನ ಮನೆಗೆ ಸಾಗಿಸಿದೆ.

"ಅಕ್ಕಾ! ನಿಜವಾಗ್ಲೂ ನನಗಾ?"

"ನಿನಗೇ. ಭಾವನಿಗೆ ಮಾತ್ರ ತುಟಿಪಿಟಕ್ ಅನ್ನಬೇಡ. ಆ ಟೇಪು ತೆಗೆದ್ಯೋ, ಕ್ಯಾಮೆರಾ ವಾಪಸ್!"

ಅಲ್ಲಿಂದ ಮುಂದಿನ ದಿನಗಳು ನನ್ನ ಕಲಾಜೀವನದ ಸುವರ್ಣಯುಗ! ಏನು ಬಣ್ಣ, ಏನು ಬೆಳಕು! ಫೋಟೋ ತೆಗೆದಾಗಲೆಲ್ಲ ಹೊಸ ತಂತ್ರಜ್ಞಾನಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ತಮ್ಮ ಒಂದು ದಿನ ಕಾಗೆಯ ಫೋಟೋವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ತಂದ. ಗರಿ ಗರಿ ಎಣಿಸಬಹುದಿತ್ತು. ಕಾಗೆಯ ಕಣ್ಣೊಳಗೆ ಎದುರಿನ ಅಂಗಡಿಯ ಬೋರ್ಡು ಓದಬಹುದಿತ್ತು!

"ಹಳೇ ಕ್ಯಾಮೆರಾ ಹಣೆಬರಹ ಕಣೋ," ಎಂದು ಅವನ ಬೆನ್ನು ತಟ್ಟಿದೆ. "ಬರೀ ಒರಟು ಸ್ಪಷ್ಟತೆ. ಭಾವ ಎಲ್ಲಿದೆ ಇದರಲ್ಲಿ?"

ನನ್ನದೂ ಒಂದು ಫೋಟೋ ಅಷ್ಟೇ ದೊಡ್ಡದು ಮಾಡಿಸಿದೆ. ಅದರಲ್ಲಿ ಎಲ್ಲೆಲ್ಲೂ ರವೆ ಚೆಲ್ಲಿದಂತೆ ಕಾಳು ಕಾಳು. "ನೋಡು, ಇದಕ್ಕೆ ಅನ್ನೋದು ಹೊಸ ಕಾಲದ ಮೃದುತ್ವ ಅಂತ!" ತಮ್ಮ ಬಾಯಿ ತೆರೆದು ನೋಡಿದ. ಆ ಬಾಯಲ್ಲಿ ಒಂದು ಹುಳುಕು ಹಲ್ಲಿದ್ದದ್ದೂ ನನ್ನ ಸೂಕ್ಷ್ಮ ಕಣ್ಣಿಗೆ ಬಿತ್ತು.

ಹೀಗಿರುವಾಗ ಮೊನ್ನೆ ಭಾನುವಾರ. ನಮ್ಮವರು ಕಾರ್ಡು ಇಳಿಸಿ, ಕಂಪ್ಯೂಟರ್ ಮುಂದೆಯೇ ಕೂತು, "ಬಾರೇ ಇಲ್ಲಿ. ಒಂದು ಮಾತು ಹೇಳ್ಬೇಕು" ಎಂದರು. ದನಿ ಯಾಕೋ ಗದ್ಗದ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ನನ್ನ ಕೈ ಹೆಗಲಿಗೆ ಹೋಯಿತು.

"ನೀನು ಹೊಸ ಕ್ಯಾಮೆರಾ ತಗೊಂಡಿದ್ದು ನನಗೆ ಮೊದಲನೇ ಭಾನುವಾರವೇ ಗೊತ್ತಾಯ್ತು."

"ಹೇ... ಹೇಗೆ?"

"ಪ್ರತಿ ಫೋಟೋ ಜೊತೆಗೂ ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಅಂತ ದಾಖಲಾಗಿರುತ್ತೆ ಕಣೇ. ಬಾಲ್ಕನಿ ಗಿಡಗಳಲ್ಲೆಲ್ಲ ಹೊಸ ಮಾಡೆಲ್ ಹೆಸರು! ನೋಡಿ ತುಂಬಾ ಬೇಜಾರಾಯ್ತು. ಕೇಳೇಬಿಡೋಣ ಅಂದ್ಕೊಂಡೆ. ಆದ್ರೆ ಮುಂದಿನ ವಾರ ನೋಡ್ತೀನಿ, ಮತ್ತೆ ಹಳೇ ಕ್ಯಾಮೆರಾದ ಹೆಸರು! ಅದರ ಮುಂದಿನ ವಾರವೂ ಹಳೇದೇ. ಇವತ್ತೂ ಹಳೇದೇ! ಪಾಪ, ಕೊಟ್ಟ ಮಾತಿಗೆ ಕಟ್ಟುಬಿದ್ದು ಹೊಸದನ್ನ ವಾಪಸ್ ಕೊಟ್ಟುಬಿಟ್ಟೆಯಲ್ಲೇ! ಒಂದು ಮಾತೂ ಆಡದೆ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ವರ್ಷಗಳಲ್ಲಿ ಎಷ್ಟೆಷ್ಟು ಜನರ ಬಾಯಿ ಬಿಡಿಸಿದ್ದೇನೆ, ಈ ಭೂಮಿ ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ. ನಾನು ಹಾಡಿ ಹೊಗಳಿದ ಆ ಮೃದುತ್ವವೆಲ್ಲ ಮುದುಕಿಯದು! ನವವಧು ತಮ್ಮನ ಮನೆಯಲ್ಲಿ ಕಾಗೆಯ ಹಿಂದೆ ಓಡಾಡುತ್ತಿದ್ದಾಳೆ!

"ಇನ್ನೂ ಇದೆ, ಕೇಳು," ನಮ್ಮವರು ತಲೆ ತಗ್ಗಿಸಿದರು. "ನಾನೂ ಕದ್ದು ಒಂದು ಹೊಸ ಸೈಕಲ್ ತಗೊಂಡಿದ್ದೆ."

"ಆಂ!"

"ಸ್ಕೂಲಲ್ಲೇ ಇಟ್ಟಿದ್ದೆ. ಇಲ್ಲಿಂದ ಕಿರುಗುಟ್ಟಿಸ್ಕೊಂಡು ಹೋಗೋದು, ಬಿಡುವಿನಲ್ಲಿ ಮೈದಾನದಲ್ಲಿ ಹೊಸದರಲ್ಲಿ ನಾಲ್ಕು ಸುತ್ತು ಹೊಡೆಯೋದು. ಗಾಳಿ ಥರ ಹೋಗ್ತಿತ್ತು ಕಣೇ! ನಿನ್ನನ್ನ ನೋಡಿ ನಾಚಿಕೆಯಾಯ್ತು. ಇಂಥಾ ಹೆಂಡತಿಗೆ ಇಂಥಾ ಗಂಡನಾ ಅಂತ ಅಂಗಡಿಯವನ ಕೈಕಾಲು ಹಿಡಿದು ವಾಪಸ್ ಕೊಟ್ಟು ಬಂದೆ."

ಸುಮ್ಮನಿದ್ದುಬಿಡಬಹುದಿತ್ತು. ಒಂದು ನಿಟ್ಟುಸಿರು ಬಿಟ್ಟು, ಸೆರಗೋ ದುಪ್ಪಟ್ಟಾವೋ ಕೈಗೆ ಸಿಕ್ಕಿದ್ದರಲ್ಲಿ ಕಣ್ಣೊರೆಸಿಕೊಂಡಿದ್ದರೆ ಜೀವನಪೂರ್ತಿ ದೇವತೆಯಾಗಿ ಉಳಿಯುತ್ತಿದ್ದೆ. ಆದರೆ ಬಿಡುವಿನ ಹೊತ್ತಿನಲ್ಲಿ ಮೈದಾನದ ಅಂಚಿನಲ್ಲಿ ಸುಮ್ಮನೆ ನಿಂತಿರುವ ನಮ್ಮವರು ಕಣ್ಣ ಮುಂದೆ ಬಂದರು. ದುಃಖ ಒತ್ತರಿಸಿ ಬಂತು. ಅಕ್ಕಿ ಡಬ್ಬ, ಬಟ್ಟೆ ಮೆಷಿನ್ನು, ದಿಂಬು, ತಮ್ಮ, ಕಾಗೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟೆ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಏರಿಸಿಕೊಂಡರು.

"ಅಂದ್ರೆ ವಾಪಸ್ ಕೊಡ್ಲಿಲ್ಲ?"

"ಇಲ್ಲ."

"ಗೊತ್ತಾಗದೆ ಹೊಸದನ್ನೇ ದಾನ ಮಾಡಿದೆ?"

"ಹೂಂ."

"ಇಷ್ಟು ದಿನ ಹಳೇದರಲ್ಲೇ ತೆಗೆದು, ಹೊಸದು ಅಂತ ಕುಣಿದಾಡಿದೆ?"

"ಸಾಕು ಬಿಡ್ರೀ!"

ಅವರು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದು ನಕ್ಕರು. ನನಗೆ ಅಳು, ಅದರ ಹಿಂದೆಯೇ ನಗು. "ನಾಳೆ ಬೆಳಿಗ್ಗೆನೇ ಹೋಗಿ ಆ ಸೈಕಲ್ ತಗೊಂಡು ಬರ್ಬೇಕು ನೀವು! ಇದು ಡಾಕ್ಟ್ರ ಅಪ್ಪಣೆ!" ಎಂದು ಗದರಿದೆ. ಅವರು ನಗುತ್ತಲೇ ನನ್ನ ಫೋನನ್ನು ಎತ್ತಿಕೊಟ್ಟರು. "ಮೊದಲು ನಿನ್ನ ತಮ್ಮನಿಗೆ ನಿಜ ಹೇಳು. ಸ್ಪೀಕರ್ ಹಾಕು, ನಾನೂ ಕೇಳಿಸ್ಕೋತೀನಿ."

ಒಂದೇ ರಿಂಗಿಗೆ ಎತ್ತಿದ.

"ಅಕ್ಕಾ! ನೂರು ವರ್ಷ ಆಯಸ್ಸು ನಿನಗೆ! ಈಗಷ್ಟೇ ನಿನಗೆ ಫೋನ್ ಮಾಡೋಣ ಅಂತಿದ್ದೆ. ನಿನ್ನ ಫೋಟೋದಲ್ಲಿರೋ ಆ ಮೃದುತ್ವ ನನಗೆ ಈ ಹಳೇದರಲ್ಲಿ ಏನು ಮಾಡಿದ್ರೂ ಬರ್ತಿಲ್ಲ. ಅದಕ್ಕೇ ಇದನ್ನ ಕೊಟ್ಟು ನಿನ್ನ ಥರ ಹೊಸ ಮಾಡೆಲ್ ತಗೊಳ್ಳೋಣ ಅಂತ ಅಂಗಡಿ ಬಾಗಿಲಲ್ಲೇ ನಿಂತಿದ್ದೀನಿ. ನೀನೇ ಹೇಳು, ಬದಲಾಯಿಸಿದ್ರೆ ವ್ಯತ್ಯಾಸ ನಿಜವಾಗ್ಲೂ ಗೊತ್ತಾಗುತ್ತಾ?"

ನಮ್ಮವರು ಮಂಚದ ಮೇಲಿನ ದಿಂಬು ಎಳೆದುಕೊಂಡು ಅದರಲ್ಲಿ ಮುಖ ಹುದುಗಿಸಿಕೊಂಡರು. ದಿಂಬು ಗಡಗಡ ಅಲುಗಾಡುತ್ತಿತ್ತು.

"ಇಲ್ಲ ಕಣೋ," ಎಂದೆ. "ದೇವರಾಣೆಗೂ ಗೊತ್ತಾಗಲ್ಲ. ಈ ವಿಷಯದಲ್ಲಿ ನನಗಿರೋ ಅನುಭವ ಈ ಪ್ರಪಂಚದಲ್ಲಿ ಇನ್ನೊಬ್ಬರಿಗಿಲ್ಲ. ಅದನ್ನ ಹಾಗೇ ಎತ್ಕೊಂಡು ಮನೆಗೆ ಬಾ!"